ಯಂತ್ರದ ಉಸಿರಿಗೂ ಒಂದು ಅಳತೆ

ತೊಗರಿಯ ರಾಶಿ ಮುಗಿಯುತ್ತ ಬಂದ ದಿನಗಳು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಸುತ್ತಣ ಎರೆಹೊಲಗಳಿಂದ ಚೀಲ ಹೇರಿಕೊಂಡ ಸಣ್ಣ ಲಾರಿಗಳು ಒಂದರ ಹಿಂದೊಂದಾಗಿ ಪೇಟೆಯ ದಾರಿ ಹಿಡಿಯುತ್ತವೆ. ಸಮನೆಲದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಸಾಗುವಂತೆ ತೋರುತ್ತದೆ. ಹಳ್ಳ ದಾಟಿ ದಿಬ್ಬ ಏರಬೇಕಾದಾಗ ಮಾತ್ರ ಯಾವುದೋ ಒಂದು ಗಾಡಿ ಹಿಂದೆ ಬೀಳುತ್ತದೆ. ಚಾಲಕ ಗೇರು ಇಳಿಸುತ್ತಾನೆ. ಆಕ್ಸಿಲರೇಟರನ್ನು ಕೊನೆಮುಟ್ಟ ಒತ್ತುತ್ತಾನೆ. ಆದರೆ ಗಾಡಿಯ ವೇಗ ಹೆಚ್ಚುವುದಿಲ್ಲ. ಹಿಂದಿನ ಕೊಳವೆಯಿಂದ ಹೊರಡುವ ಕಪ್ಪು ಹೊಗೆಯಷ್ಟೇ ಹೆಚ್ಚುತ್ತದೆ. ಅದರ ಬೆನ್ನಿಗೆ ಗಂಡನ ಬೈಕಿನಲ್ಲಿ ಕುಳಿತು ಬರುತ್ತಿರುವ ತಾಯಿ ಮಡಿಲ ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಾಳೆ.

ಮರುದಿನ ಆ ಗಾಡಿ ಗ್ಯಾರೇಜಿನ ಮುಂದೆ ನಿಂತಿರುತ್ತದೆ. ಅಲ್ಲಿ ನಡೆಯುವ ಸಂವಾದ ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಕೇಳಿಬರುವಂಥದು.

“ಗಾಡಿ ಜಗ್ಗವಲ್ದು ನೋಡ್ರಿ ಕಾಕಾ. ಏರು ಬಂತಂದ್ರ ಉಸಿರು ಕಟ್ಟಿದಂಗ ಮಾಡ್ತೈತಿ.”

“ಹೊಗಿ ಎಂಥಾದು ಬರ್ತೈತೋ ತಮ್ಮಾ?”

“ಕರ್ರಗ, ಕಾಡಿಗಿಯಂಗ ಬರ್ತೈತ್ರಿ.”

“ಹಂಗಾದ್ರ ಟರ್ಬೊ ಹೋಗಿರಬೇಕು.”

ಈ ಕೊನೆಯ ಮಾತು ಚಾಲಕನ ಎದೆಗೆ ಕಲ್ಲಿನಂತೆ ಬೀಳುತ್ತದೆ. ಟರ್ಬೊ ಬದಲಿಸುವುದೆಂದರೆ ಹಲವು ಸಾವಿರ ರೂಪಾಯಿಗಳ ಮಾತು. ಕೆಲವು ಗಾಡಿಗಳಲ್ಲಿ ಅದು ಲಕ್ಷದ ಹತ್ತಿರಕ್ಕೂ ಹೋಗುತ್ತದೆ. ಬಿಡಿಭಾಗ ಊರಿಂದೂರಿಗೆ ಬರುವತನಕ ಬಾಡಿಗೆಯಿಲ್ಲ. ಬ್ಯಾಂಕಿನ ಕಂತು ಮಾತ್ರ ತಿಂಗಳ ತಾರೀಖಿಗೆ ತಪ್ಪದೆ ಬಂದು ಬಾಗಿಲು ತಟ್ಟುತ್ತದೆ. ಆದರೆ ಟರ್ಬೊ ನಿಜವಾಗಿಯೂ ಕೆಟ್ಟಿದೆಯೆ? ಅದನ್ನು ಹೇಳಬಲ್ಲ ಒಂದು ಸಣ್ಣ ಸಾಧನ ಅದೇ ಎಂಜಿನ್ನಿನ ಮೇಲೆ ಕುಳಿತಿರುತ್ತದೆ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಕಪ್ಪು ಪ್ಲಾಸ್ಟಿಕ್ಕಿನ ತುಂಡಿಗೆ ಬೂಸ್ಟ್ ಒತ್ತಡದ ಸೆನ್ಸರು ಎಂದು ಹೆಸರು. ಅದು ನಿಜ ಹೇಳಿದರೆ ಗಾಡಿ ಬದುಕುತ್ತದೆ, ಸುಳ್ಳು ಹೇಳಿದರೆ ನಿರಪರಾಧಿಯಾದ ಟರ್ಬೊ ಶಿಕ್ಷೆ ಅನುಭವಿಸುತ್ತದೆ.

ಐವತ್ತೈದು ಪೀಪಾಯಿ ಗಾಳಿ

ಡೀಸೆಲ್ ಎಂಜಿನ್ನಿನ ಆಹಾರ ಡೀಸೆಲ್ ಎಂಬುದು ಎಲ್ಲರೂ ಬಲ್ಲ ಮಾತು. ಅದರ ದೊಡ್ಡ ಹಸಿವು ಗಾಳಿಯದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 12 ಕಿಲೋಗ್ರಾಂ ಗಾಳಿ ಬೇಕು. ಬಯಲುಸೀಮೆಯ ಬೆಚ್ಚಗಿನ ಹವೆಯಲ್ಲಿ ಅಷ್ಟು ಗಾಳಿ ಸುಮಾರು 11,000 ಲೀಟರ್ ಜಾಗವನ್ನು ತುಂಬುತ್ತದೆ. 200 ಲೀಟರಿನ ಪೀಪಾಯಿಗಳನ್ನು ಸಾಲಾಗಿ ಇಟ್ಟರೆ ಐವತ್ತೈದು ಪೀಪಾಯಿಗಳಾದವು! ಇಷ್ಟು ಗಾಳಿ ಸಿಗದೆ ಹೋದರೆ ಇಂಧನ ಅರೆಬೆಂದು, ಒಲೆಯಲ್ಲಿ ಹಸಿ ಕಟ್ಟಿಗೆ ಹೊಗೆಯಾಡುವಂತೆ, ಮಸಿಯಾಗಿ ಹೊರಬೀಳುತ್ತದೆ.

ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ್ದು 1897ರಲ್ಲಿ. ಆ ಎಂಜಿನ್ನು ತನ್ನ ಪಾಲಿನ ಗಾಳಿಯನ್ನು ತಾನೇ ಎಳೆದುಕೊಳ್ಳಬೇಕಾಗಿತ್ತು. ಸಿಲಿಂಡರು ಎಷ್ಟು ದೊಡ್ಡದೋ ಅಷ್ಟೇ ಉಸಿರು. ಉಸಿರು ಎಷ್ಟೋ ಅಷ್ಟೇ ಬಲ. ಬಲ ಹೆಚ್ಚಬೇಕಾದರೆ ಎಂಜಿನ್ನಿನ ಗಾತ್ರ ಹೆಚ್ಚಬೇಕು. ಆಗ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ತರುಣ ಎಂಜಿನಿಯರನಿಗೆ ಒಂದು ವಿಚಾರ ಹೊಳೆಯಿತು. ಎಂಜಿನ್ನು ಹೊರಕ್ಕೆ ಉಗುಳುವ ಬಿಸಿ ಹೊಗೆಯಲ್ಲಿ ಬೇಕಾದಷ್ಟು ಶಕ್ತಿ ಸುಮ್ಮನೆ ಹಾಳಾಗಿ ಹೋಗುತ್ತಿದೆ. ಅದರಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಒಳಕ್ಕೆ ತುಂಬಿದರೆ? 1905ರಲ್ಲಿ ಆತ ಈ ಕಲ್ಪನೆಗೆ ಪೇಟೆಂಟ್ ಪಡೆದ. ಅದು ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. 1925ರಲ್ಲಿ ಬ್ಯೂಖಿಯ ವಿಧಾನದಿಂದ ಹತ್ತು ಸಿಲಿಂಡರಿನ ಹಡಗಿನ ಎಂಜಿನ್ನೊಂದರ ಬಲ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿತು. ‘ಪ್ರಾಯ್ಸನ್’ ಮತ್ತು ‘ಹನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕರ ಹಡಗುಗಳು ಅಂಥ ಎಂಜಿನ್ನುಗಳನ್ನು ಹೊತ್ತವು.

ಇಂದು ನಾಲತವಾಡದ ದಾರಿಯಲ್ಲಿ ಓಡುವ ಸಣ್ಣ ಲಾರಿಯಲ್ಲಿರುವುದೂ ಅದೇ ಯುಕ್ತಿ. ಅದರ ಟರ್ಬೊ ಚಕ್ರ ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು. ಆದರೆ ಪೂರ್ಣ ಭಾರ ಎಳೆಯುವಾಗ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಹಾಯಿಸಿ ತಣಿಸುತ್ತಾರೆ. ಅಲ್ಲಿಂದ ದಪ್ಪ ರಬ್ಬರ್ ಕೊಳವೆಯ ಮೂಲಕ ಅದು ಮ್ಯಾನಿಫೋಲ್ಡನ್ನು, ಎಂದರೆ ಎಲ್ಲ ಸಿಲಿಂಡರುಗಳಿಗೂ ಗಾಳಿಯನ್ನು ಹಂಚುವ ಕವಲುಕೊಳವೆಯನ್ನು ಸೇರುತ್ತದೆ. ಇಂಟರ್‌ಕೂಲರ್ ದಾಟಿದ ಮೇಲೆ ಈ ಹಾದಿಯಲ್ಲಿಯೇ ನಮ್ಮ ಕಥಾನಾಯಕನಾದ ಸೆನ್ಸರಿನ ಸ್ಥಾನ.

ಹಳೆಯ ಪಂಪಿನ ತಲೆಯ ಮೇಲೆ

ಈ ಅಳತೆ ಕಂಪ್ಯೂಟರಿನ ಯುಗದಲ್ಲಿ ಹುಟ್ಟಿದ್ದಲ್ಲ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೊ ಕಾರ್ಖಾನೆಯ ಹೆಸರು ಕೇಳದ ಹಳೆಯ ಮಿಸ್ತ್ರಿ ಕರ್ನಾಟಕದಲ್ಲಿ ಇರಲಾರ. ಇಂದು ಬಾಷ್ ಎಂಬ ಹೆಸರಿನಿಂದ ನಡೆಯುತ್ತಿರುವ ಆ ಸಂಸ್ಥೆಯ ಡೀಸೆಲ್ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ದಶಕಗಳ ಕಾಲ ದುಡಿದವು. ಟರ್ಬೊ ಇರುವ ಹಳೆಯ ಎಂಜಿನ್ನುಗಳಲ್ಲಿ ಪಂಪಿಗೆ ಒಂದು ದುಂಡನೆಯ ಡಬ್ಬಿಯನ್ನು ಜೋಡಿಸಿರುತ್ತಾರೆ. ಮ್ಯಾನಿಫೋಲ್ಡಿನಿಂದ ಬೆರಳು ಗಾತ್ರದ ಕೊಳವೆಯೊಂದು ಅದಕ್ಕೆ ಬಂದು ಕೂಡುತ್ತದೆ. ಡಬ್ಬಿಯೊಳಗೆ ರಬ್ಬರಿನ ಪೊರೆ, ಅದರ ಹಿಂದೆ ಒಂದು ಸ್ಪ್ರಿಂಗು. ಟರ್ಬೊ ಗಾಳಿಯನ್ನು ಒತ್ತಿದಷ್ಟೂ ಪೊರೆ ಸರಿಯುತ್ತದೆ. ಪೊರೆ ಸರಿದಷ್ಟು ಹೆಚ್ಚು ಡೀಸೆಲ್ ಹೋಗಲು ಅನುಮತಿ ದೊರೆಯುತ್ತದೆ. ಗಾಳಿ ಬರುವ ಮೊದಲೇ ಇಂಧನ ಸುರಿಯಬಾರದೆಂಬ ನಿಯಮವನ್ನು ಆ ರಬ್ಬರ್ ತುಂಡು ಮೂಕವಾಗಿ ಪಾಲಿಸುತ್ತಿತ್ತು.

ದೇಶದಾದ್ಯಂತ 1 ಏಪ್ರಿಲ್ 2020ರಿಂದ ಭಾರತ್ ಸ್ಟೇಜ್ 6 ಎಂಬ ಬಿಗಿಯಾದ ಹೊಗೆಯ ನಿಯಮಗಳು ಹೊಸ ಮೋಟಾರು ವಾಹನಗಳಿಗೆ ಜಾರಿಯಾದವು. 50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬೇರೆ ಬಿಗಿ ನಿಯಮ ಬಂದಿತು. ಇಂಥ ಎಂಜಿನ್ನುಗಳಲ್ಲಿ ರಬ್ಬರಿನ ಪೊರೆಯ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿದೆ; ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಕೆಲಸ ಸೆನ್ಸರಿನದು. ಹೊಗೆಯ ಮೇಲೆ ಸರಕಾರಗಳು ಇಷ್ಟು ಕಟ್ಟುನಿಟ್ಟಾಗಲು ಕಾರಣವುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಮಗುವಿನ ಮುಖಕ್ಕೆ ಸೆರಗು ಮುಚ್ಚಿದ ತಾಯಿಯ ಅಂಜಿಕೆ ಹುಸಿಯಲ್ಲ.

ಆಕಾಶವೇ ಸಾಕ್ಷಿ

ಸೆನ್ಸರು ಅಳೆಯುವುದು ಏನನ್ನು? ಇದು ತಿಳಿಯದಿದ್ದರೆ ಅದನ್ನು ಪರೀಕ್ಷಿಸುವುದೂ ಸಾಧ್ಯವಿಲ್ಲ.

ಪಂಚರ್ ಅಂಗಡಿಯ ಗಾಳಿಯ ಮೀಟರನ್ನು ನೆನೆಯಿರಿ. ಗಾಳಿಯೆಲ್ಲ ಹೋದ ಚಕ್ರಕ್ಕೆ ಅದು ಸೊನ್ನೆ ತೋರಿಸುತ್ತದೆ. ನಿಜವಾಗಿ ಚಕ್ರದೊಳಗೆ ಗಾಳಿಯ ಒತ್ತಡ ಇಲ್ಲವೇ ಇಲ್ಲವೆಂದಲ್ಲ. ಹೊರಗಿರುವಷ್ಟೇ ಒತ್ತಡ ಒಳಗೂ ಇದೆ. ಮೀಟರು ಹೊರಗಿನದಕ್ಕಿಂತ ಹೆಚ್ಚಿರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಎಂಜಿನ್ನಿನ ಸೆನ್ಸರುಗಳಲ್ಲಿ ಹೆಚ್ಚಿನವು ಹಾಗಲ್ಲ. ಅವು ಗಾಳಿಯೇ ಇಲ್ಲದ ಶೂನ್ಯದಿಂದ ಲೆಕ್ಕ ಆರಂಭಿಸುತ್ತವೆ. ಆದ್ದರಿಂದ ಎಂಜಿನ್ನು ನಿಂತಿರುವಾಗಲೂ ಅವು ಒಂದು ಅಂಕಿಯನ್ನು ತೋರಿಸಲೇಬೇಕು. ಅದು ಆ ಊರಿನ ಆಕಾಶದ ಒತ್ತಡ.

ಗಾಳಿಗೆ ತೂಕವಿದೆಯೆಂದು ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ್ದು 1643ರಲ್ಲಿ. ಐದು ವರ್ಷಗಳ ಅನಂತರ ಫ್ರಾನ್ಸಿನ ಪಾಸ್ಕಲ್ ತನ್ನ ಭಾವನನ್ನು ಅದೇ ಕೊಳವೆಯೊಡನೆ ಪೂಯಿ ದ ದೋಮ್ ಎಂಬ ಬೆಟ್ಟಕ್ಕೆ ಕಳುಹಿಸಿದ. ಮೇಲೆ ಏರಿದಂತೆಲ್ಲ ಪಾದರಸ ಕೆಳಗಿಳಿಯಿತು. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳುವಾಗುತ್ತದೆಂಬುದು ಅಂದೇ ಸ್ಪಷ್ಟವಾಯಿತು. ಆ ಪಾಸ್ಕಲನ ಹೆಸರೇ ಇಂದು ಒತ್ತಡದ ಮಾನಕ್ಕೆ ನಿಂತಿದೆ. ಸಮುದ್ರದಂಡೆಯ ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಬೆಂಗಳೂರಿನಲ್ಲಿ ಸುಮಾರು 91. ಮಡಿಕೇರಿಯಲ್ಲಿ 88ರ ಆಸುಪಾಸು.

ನಾಲತವಾಡದಲ್ಲಿ ಎಷ್ಟು? ಕೃಷ್ಣೆಯ ದಂಡೆಯ ಜನಕ್ಕೆ ಎತ್ತರದ ಲೆಕ್ಕ ಹೊಸದಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುತ್ತದೆಂದೂ, ನಾಲತವಾಡಕ್ಕೆ ಸಮೀಪದ ನಾರಾಯಣಪುರದ ಬಸವಸಾಗರದಲ್ಲಿ 492.25 ಮೀಟರಿಗೆಂದೂ ಮಳೆಗಾಲದಲ್ಲಿ ದಿನಪತ್ರಿಕೆ ಓದುವ ಮಕ್ಕಳೂ ಹೇಳುತ್ತಾರೆ. ಈ ಮಟ್ಟದ ಬಯಲಿನಲ್ಲಿ ಗಾಳಿಯ ಒತ್ತಡ 95 ಕಿಲೋಪಾಸ್ಕಲ್‌ಗೆ ಸಮೀಪವಾಗಿರುತ್ತದೆ. ಮೋಡ, ಮಳೆ, ಬಿಸಿಲಿಗೆ ತಕ್ಕಂತೆ ಒಂದರ್ಧ ಅಂಕಿ ಅತ್ತಿತ್ತ ಆಗಬಹುದು, ಅಷ್ಟೆ.

ಆದ್ದರಿಂದ ಮೊದಲ ಪರೀಕ್ಷೆಗೆ ಪಾನಾ ಸಹ ಬೇಡ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಬೇಕು. ಸ್ಕ್ಯಾನರನ್ನು ಜೋಡಿಸಿ ಮ್ಯಾನಿಫೋಲ್ಡಿನ ಒತ್ತಡವನ್ನು ಓದಬೇಕು. ಅದು 95ರ ಸುತ್ತಮುತ್ತ ಇದ್ದರೆ ಸೆನ್ಸರು ಈ ಮಟ್ಟಿಗೆ ಸತ್ಯವಂತ. 120 ಎಂದು ತೋರಿಸಿದರೆ ಅದು ಸುಳ್ಳು ಹೇಳುತ್ತಿದೆ. ಕೃಷ್ಣಾ ಕಣಿವೆಯಲ್ಲಂತೂ ಇರಲಿ, ಸಮುದ್ರದ ದಂಡೆಯಲ್ಲಿಯೂ ಆಕಾಶ ಅಷ್ಟು ಭಾರವಾಗಿರುವುದಿಲ್ಲ.

ಈ ಒಂದು ಸುಳ್ಳಿನಿಂದ ಆಗುವ ಅನರ್ಥ ಸಣ್ಣದಲ್ಲ. ಗಾಳಿ ಇರುವುದಕ್ಕಿಂತ ಹೆಚ್ಚಿದೆಯೆಂದು ನಂಬಿದ ಕಂಪ್ಯೂಟರು ಟರ್ಬೊದ ದುಡಿಮೆಯನ್ನು ಕಡಿಮೆ ಮಾಡುತ್ತದೆ. ಇಲ್ಲದ ಗಾಳಿಯ ಲೆಕ್ಕ ಹಿಡಿದು ಡೀಸೆಲನ್ನು ಮಾತ್ರ ಉದಾರವಾಗಿ ಸುರಿಸುತ್ತದೆ. ಗಾಡಿ ಜಗ್ಗುವುದಿಲ್ಲ, ಹೊಗೆ ಕರ್ರಗೆ ಬರುತ್ತದೆ. ಮಿಸ್ತ್ರಿ ಟರ್ಬೊ ಕೆಟ್ಟಿತೆನ್ನುತ್ತಾನೆ. ಲೆಕ್ಕ ಬಹಳ ತಪ್ಪಿದರೆ ಚಾಲಕನ ಮುಂದೆ ಎಂಜಿನ್ ಆಕೃತಿಯ ಹಳದಿ ದೀಪ ಹತ್ತಿ ಎಚ್ಚರಿಸುತ್ತದೆ. ಸ್ವಲ್ಪವೇ ತಪ್ಪಿದ್ದರೆ ದೀಪವೂ ಹತ್ತದೆ ಹೋಗಬಹುದು.

ಸೆನ್ಸರಿನ ಅಂತರಂಗ

ಆ ಪ್ಲಾಸ್ಟಿಕ್ ಕವಚದೊಳಗೆ ಇರುವುದು ಸಿಲಿಕಾನಿನ ಅತಿ ತೆಳುವಾದ ಪೊರೆ. ಒಂದು ಬದಿಗೆ ನಿರ್ವಾತ, ಇನ್ನೊಂದು ಬದಿಗೆ ಎಂಜಿನ್ನಿನ ಗಾಳಿ. ಗಾಳಿ ಒತ್ತಿದಂತೆ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಲೋಹದ ತಂತಿಯನ್ನು ಎಳೆದರೆ ಅದರ ರೋಧ ಬದಲಾಗುವುದನ್ನು ಲಾರ್ಡ್ ಕೆಲ್ವಿನ್ 1856ರಲ್ಲಿಯೇ ಗುರುತಿಸಿದ್ದ. ಸಿಲಿಕಾನಿನಲ್ಲಿ ಆ ಗುಣ ಅನೇಕ ಪಟ್ಟು ಪ್ರಬಲವಾಗಿದೆಯೆಂದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಚಾರ್ಲ್ಸ್ ಸ್ಮಿತ್ 1954ರಲ್ಲಿ ಪ್ರಕಟಿಸಿದ. ಹಳೆಯ ಪಂಪಿನ ರಬ್ಬರ್ ಪೊರೆಯ ಮೊಮ್ಮಗಳೇ ಈ ಸಿಲಿಕಾನ್ ಪೊರೆ ಎನ್ನಬಹುದು.

ಸೆನ್ಸರಿನಿಂದ ಸಾಮಾನ್ಯವಾಗಿ ಮೂರು ತಂತಿಗಳು ಹೊರಡುತ್ತವೆ. ಒಂದರಲ್ಲಿ ಕಂಪ್ಯೂಟರು ಕಳುಹಿಸುವ 5 ವೋಲ್ಟ್; ಇನ್ನೊಂದು ಅರ್ತಿಂಗು; ಮೂರನೆಯದು ಸೆನ್ಸರಿನ ಉತ್ತರ. ಒತ್ತಡ ಹೆಚ್ಚಿದಂತೆ ಉತ್ತರದ ವೋಲ್ಟೇಜು ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನವರೆಗೆ ಏರುತ್ತದೆ. ನಾಲ್ಕು ತಂತಿಗಳಿದ್ದರೆ ನಾಲ್ಕನೆಯದು ಗಾಳಿಯ ಉಷ್ಣತೆಯನ್ನು ಹೇಳುವಂಥದು.

ಕೂರಿಸುವ ಕೆಲಸ

ಸೆನ್ಸರು ಸುಳ್ಳು ಹೇಳುತ್ತಿದೆಯೆಂದು ಖಚಿತವಾದ ಮೇಲೆ ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಅವಸರದ ಅರ್ಧ ಗಂಟೆ ಮುಂದೆ ಹಲವು ದಿನಗಳನ್ನು ನುಂಗಬಹುದು.

ಎಂಜಿನ್ನು ತಣ್ಣಗಾಗಿರಬೇಕು, ಕೀಲಿಯನ್ನು ತೆಗೆದಿರಬೇಕು. ಸೆನ್ಸರಿನ ಸುತ್ತಲಿನ ಧೂಳನ್ನು ಮೊದಲು ಬ್ರಷ್ಷಿನಿಂದಲೂ ಬಟ್ಟೆಯಿಂದಲೂ ಒರೆಸಬೇಕು. ಎರೆಮಣ್ಣಿನ ನಾಡಿನಲ್ಲಿ ಈ ಹೆಜ್ಜೆಯನ್ನು ಮರೆಯುವಂತಿಲ್ಲ. ಸೆನ್ಸರು ಬಿಚ್ಚಿದ ತೂತಿನೊಳಗೆ ಬಿದ್ದ ಮಣ್ಣು ನೇರವಾಗಿ ಸಿಲಿಂಡರಿನ ಗೋಡೆಯನ್ನು ಉಜ್ಜಲು ಹೋಗುತ್ತದೆ. ಕನೆಕ್ಟರನ್ನು ಅದರ ಕೊಂಡಿ ಒತ್ತಿ ಬಿಡಿಸಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು. ಸ್ಕ್ರೂ ಬಿಚ್ಚಿ, ಸೆನ್ಸರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತ ಮೇಲೆತ್ತಬೇಕು. ಹಳೆಯ ರಬ್ಬರ್ ರಿಂಗು ತೂತಿನಲ್ಲಿಯೇ ಉಳಿದಿದ್ದರೆ ಅದನ್ನೂ ತೆಗೆಯಬೇಕು. ಹೊಸದನ್ನು ಕೂರಿಸುವತನಕ ತೂತಿಗೆ ಶುಭ್ರವಾದ ಬಟ್ಟೆ ಮುಚ್ಚಿರಬೇಕು.

ಹೊರಬಂದ ಸೆನ್ಸರಿನ ಮೂತಿ ಅನೇಕ ಸಲ ಎಣ್ಣೆ ಮತ್ತು ಮಸಿ ಸೇರಿದ ಜಿಡ್ಡಿನಿಂದ ಮುಚ್ಚಿಹೋಗಿರುತ್ತದೆ. ಸೆನ್ಸರುಗಳಿಗೆಂದೇ ಸಿಗುವ ಶುದ್ಧಿದ್ರವವನ್ನು ಸಿಂಪಡಿಸಿ, ಪೂರ್ಣ ಒಣಗಿಸಿ ನೋಡುವುದರಿಂದ ಕೆಲವೊಮ್ಮೆ ಹೊಸದನ್ನು ಕೊಳ್ಳುವ ಖರ್ಚೇ ಉಳಿಯುತ್ತದೆ. ಆದರೆ ಆ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿದರೆ, ಅಥವಾ ಕಂಪ್ರೆಸರಿನ ಗಾಳಿಯನ್ನು ರಭಸದಿಂದ ಊದಿದರೆ ಒಳಗಿನ ಪೊರೆ ಹರಿಯುತ್ತದೆ. ಕಿವಿಗೆ ಕಡ್ಡಿ ಹಾಕಬೇಡವೆಂದು ಅಜ್ಜಿಯರು ಹೇಳುವ ಬುದ್ಧಿವಾದ ಇಲ್ಲಿಯೂ ಸಲ್ಲುತ್ತದೆ.

ಹೊಸ ಸೆನ್ಸರನ್ನು ಕೊಳ್ಳುವಾಗ ರೂಪ ನೋಡಿ ಮೋಸಹೋಗಬಾರದು. ಅವಳಿಗಳಂತೆ ಕಾಣುವ ಎರಡು ಸೆನ್ಸರುಗಳಲ್ಲಿ ಒಂದು 250 ಕಿಲೋಪಾಸ್ಕಲ್‌ವರೆಗೆ ಅಳೆಯುವಂಥದು, ಇನ್ನೊಂದು 300ರವರೆಗೆ ಅಳೆಯುವಂಥದು ಆಗಿರಬಹುದು. ಕನೆಕ್ಟರು ಎರಡಕ್ಕೂ ಸರಿಯಾಗಿ ಕೂರುತ್ತದೆ. ಲೆಕ್ಕ ಮಾತ್ರ ತಪ್ಪುತ್ತದೆ. ಮೈಮೇಲೆ ಅಚ್ಚಾದ ಭಾಗಸಂಖ್ಯೆ ಅಕ್ಷರಶಃ ಹೊಂದಬೇಕು.

ಹೊಸ ರಬ್ಬರ್ ರಿಂಗಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ, ಸೆನ್ಸರನ್ನು ನೇರವಾಗಿ ಒತ್ತಿ ಕೂರಿಸಬೇಕು. ಗಾಳಿ ಸೋರೀತೆಂಬ ಭಯದಿಂದ ಅಂಟು ಮೆತ್ತುವವರುಂಟು. ಅಂಟಿನ ಚೂರು ರಂಧ್ರವನ್ನು ಮುಚ್ಚುವ ಸಂಭವವಿರುವುದರಿಂದ ಅದು ಸಲ್ಲದು. ಸ್ಕ್ರೂವನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಚಕ್ರದ ನಟ್ಟು ಬಿಗಿದ ಕೈಯ ಬಲವನ್ನೇ ಇಲ್ಲಿಯೂ ತೋರಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಕನೆಕ್ಟರು ‘ಟಕ್’ ಎಂದು ಕೂತಿತೆಂದರೆ ಕೈಗೆಲಸ ಮುಗಿಯಿತು.

ಪರೀಕ್ಷೆ ಇನ್ನೂ ಬಾಕಿ. ಕೀಲಿ ತಿರುಗಿಸಿದಾಗ ಮತ್ತೆ 95ರ ಸಾಕ್ಷಿ ಸಿಗಬೇಕು. ಅನಂತರ ಕಂಪ್ಯೂಟರಿನ ನೆನಪಿನಲ್ಲಿರುವ ಹಳೆಯ ದೋಷದ ಸಂಖ್ಯೆಗಳನ್ನು ಅಳಿಸಿ, ಗಾಡಿಗೆ ಭಾರ ಹೇರಿ ದಿಬ್ಬದ ದಾರಿಗೆ ಒಯ್ಯಬೇಕು. ಒಬ್ಬ ಗಾಡಿ ನಡೆಸಿದರೆ ಇನ್ನೊಬ್ಬ ಪಕ್ಕದಲ್ಲಿ ಕುಳಿತು ಸ್ಕ್ಯಾನರನ್ನು ಓದಬೇಕು. ಏರಿನಲ್ಲಿ ಅಂಕಿ 95ರಿಂದ ಮೇಲೆದ್ದು 200ರ ಆಚೆಗೆ ಹೋಗುವುದು ಅನೇಕ ಗಾಡಿಗಳಲ್ಲಿ ಸಹಜ. ಕಂಪ್ಯೂಟರು ಬಯಸಿದ ಒತ್ತಡ ಮತ್ತು ನಿಜವಾಗಿ ಸಿಕ್ಕ ಒತ್ತಡ ಎರಡೂ ಜೊತೆಜೊತೆಯಾಗಿ ಏರಿದರೆ ಕೆಲಸ ಫಲಿಸಿತು.

ಹಳೆಯ ಗಾಡಿಗೆ ಹೊಸ ಕಣ್ಣು

ಕಂಪ್ಯೂಟರಿಲ್ಲದ ಹಳೆಯ ಟರ್ಬೊ ಲಾರಿ, ಟ್ರ್ಯಾಕ್ಟರುಗಳಿಗೂ ಒಂದು ಒತ್ತಡದ ಮೀಟರನ್ನು ಜೋಡಿಸಿಕೊಳ್ಳಬಹುದು. ರೈಲ್ವೆಯವರು ಇದರ ಉಪಯೋಗವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1962ರಲ್ಲಿ ಭಾರತಕ್ಕೆ ಬಂದು, 1964ರಿಂದ ವಾರಾಣಸಿಯಲ್ಲಿಯೇ ತಯಾರಾದ 2,600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಡೀಸೆಲ್ ರೈಲು ಎಂಜಿನ್ನಿನಲ್ಲಿ ಟರ್ಬೊದ ಗಾಳಿಯ ಒತ್ತಡವನ್ನು ತೋರಿಸುವ ಮುಳ್ಳು ಚಾಲಕನ ಕಣ್ಣೆದುರಿಗೇ ಇರುತ್ತಿತ್ತು. ಭಾರ ಎಳೆಯುವಾಗ ಮುಳ್ಳು ಏರದಿದ್ದರೆ ಎಂಜಿನ್ನಿಗೆ ಉಸಿರಾಟದ ತೊಂದರೆಯಿದೆಯೆಂದು ಆತ ಅರಿಯುತ್ತಿದ್ದ.

ರಸ್ತೆಯ ಗಾಡಿಗೆ ಮೀಟರು ಜೋಡಿಸುವಾಗ ಕೆಲವು ಎಚ್ಚರಗಳುಂಟು. ಒತ್ತಡವನ್ನು ಇಂಟರ್‌ಕೂಲರಿನ ಆಚೆ, ಮ್ಯಾನಿಫೋಲ್ಡಿನಿಂದ ತೆಗೆದುಕೊಳ್ಳಬೇಕು. ಎಂಜಿನ್ನಿಗೆ ನಿಜವಾಗಿ ಸಲ್ಲುವ ಗಾಳಿ ಅಲ್ಲಿಯದು. ತೂತು ಕೊರೆಯಬೇಕಾದರೆ ಆ ಭಾಗವನ್ನು ಬಿಚ್ಚಿ ಹೊರಗೆ ತಂದೇ ಕೊರೆಯಬೇಕು. ಇದ್ದಲ್ಲಿಯೇ ಕೊರೆದರೆ ಲೋಹದ ಚೂರು ಸಿಲಿಂಡರಿಗೆ ಬಿದ್ದು ಎಂಜಿನ್ನೇ ಹಾಳಾಗುತ್ತದೆ. ಸಣ್ಣ ಕೊಳವೆ ಎಂಜಿನ್ನಿನ ಕಡೆಗೆ ಇಳಿಜಾರಾಗಿರಬೇಕು. ಎಣ್ಣೆ ಮತ್ತು ನೀರಿನ ಪಸೆ ಹಿಂದಕ್ಕೆ ಹರಿದುಹೋಗಲು ಇದು ಅವಶ್ಯ. ಸೆನ್ಸರನ್ನು ಹೊಗೆಕೊಳವೆಯ ಕಾವಿನಿಂದ ದೂರದಲ್ಲಿ, ಎತ್ತರದಲ್ಲಿ ನಿಲ್ಲಿಸಬೇಕು. ಅದಕ್ಕೆ ಬೇಕಾದದ್ದು ಸ್ಥಿರವಾದ 5 ವೋಲ್ಟ್. ಬ್ಯಾಟರಿಯ 12 ಅಥವಾ 24 ವೋಲ್ಟನ್ನು ನೇರವಾಗಿ ಕೊಟ್ಟರೆ ಅದು ಅಲ್ಲಿಯೇ ಸುಟ್ಟುಹೋಗುತ್ತದೆ.

ದೂತನನ್ನು ದಂಡಿಸಬಾರದು

ಹಾಗೆಂದು ಗಾಡಿ ಜಗ್ಗದಿದ್ದಾಗಲೆಲ್ಲ ಸೆನ್ಸರನ್ನೇ ಕಿತ್ತೊಗೆಯುವುದೂ ತಪ್ಪು. ಕೆಟ್ಟ ಸುದ್ದಿ ತಂದ ದೂತನನ್ನು ದಂಡಿಸಿದ ಅರಸನ ನ್ಯಾಯ ಅದು.

ಸ್ಕ್ಯಾನರು ತೋರಿಸುವ ದೋಷದ ಸಂಖ್ಯೆಗಳಲ್ಲಿಯೇ ಇದರ ಸೂಚನೆಯಿದೆ. ಪಿ 0237 ಎಂದರೆ ಸೆನ್ಸರಿನ ವೋಲ್ಟೇಜು ತೀರ ಕಡಿಮೆ. ಪಿ 0238 ಎಂದರೆ ತೀರ ಹೆಚ್ಚು. ಇವೆರಡೂ ಬಹುಮಟ್ಟಿಗೆ ತಂತಿಯ ಅಥವಾ ಸೆನ್ಸರಿನ ದೋಷದ ಕಡೆ ಬೆರಳು ತೋರಿಸುತ್ತವೆ. ಸುಗ್ಗಿಯ ಕಾಲದಲ್ಲಿ ಕಾಳಿನ ಚೀಲಗಳ ಬಳಿ ನಿಂತ ಗಾಡಿಯ ತಂತಿಗಳನ್ನು ಇಲಿಗಳು ಕಡಿದುಹಾಕುವುದು ಅಪರೂಪವಲ್ಲ. ಪಿ 0299 ಬಂದರೆ ಮಾತು ಬೇರೆ. ಬೇಕಾದಷ್ಟು ಗಾಳಿ ಸಿಗುತ್ತಿಲ್ಲವೆಂದು ಸೆನ್ಸರು ವರದಿ ಮಾಡುತ್ತಿದೆ. ಆ ವರದಿ ನಿಜವೂ ಆಗಿರಬಹುದು.

ಆಗ ಗಾಳಿಯ ಹಾದಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಂಡು ಬರಬೇಕು. ಧೂಳು ತುಂಬಿದ ಫಿಲ್ಟರು, ಸಡಿಲಾದ ಕ್ಲಿಪ್ಪು, ಮಡಿಕೆಯಲ್ಲಿ ಸೀಳಿದ ರಬ್ಬರ್ ಕೊಳವೆ, ಸೋರುವ ಇಂಟರ್‌ಕೂಲರ್, ಅಂಟಿಕೊಂಡ ಟರ್ಬೊದ ಸರಳು ಇವೆಲ್ಲ ಪರಿಶೀಲನೆಗೆ ಬರಬೇಕು. ಸೀಳಿದ ಕೊಳವೆ ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವುದರಿಂದ ನಿಂತ ಗಾಡಿಯಲ್ಲಿ ಕಣ್ಣಿಗೆ ಬೀಳದೆ ಹೋಗುತ್ತದೆ. ಎಣ್ಣೆಯ ಪಸೆ ಹೊರಗೆ ಕಂಡ ಜಾಗವನ್ನು ಬೆರಳಿನಿಂದ ತಡವಿದರೆ ಸೀಳು ಸಿಕ್ಕೀತು. ಹೊಗೆಯೂ ಒಂದು ಸಾಕ್ಷಿ. ಗಾಡಿ ಜಗ್ಗದೆ ಹೊಗೆಯೂ ಇಲ್ಲದಿದ್ದರೆ, ಗಾಳಿ ಕಡಿಮೆಯೆಂದು ತಿಳಿದ ಕಂಪ್ಯೂಟರು ಡೀಸೆಲನ್ನೂ ಕಡಿತ ಮಾಡಿರುವ ಸಂಭವ ಹೆಚ್ಚು. ಜಗ್ಗದೆ ಕಪ್ಪು ಹೊಗೆಯೂ ಬಂದರೆ, ಇರುವ ಗಾಳಿಗೂ ಹೋಗುವ ಡೀಸೆಲಿಗೂ ತಾಳೆಯಿಲ್ಲವೆಂದು ಅರ್ಥ.

ಇನ್ನೊಂದು ಆಶೆಯ ಬಲೆಯೂ ಇದೆ. ಸೆನ್ಸರಿನ ತಂತಿಗೆ ಒಂದು ಸಣ್ಣ ಡಬ್ಬಿಯನ್ನು ಜೋಡಿಸಿ, ಒತ್ತಡದ ಅಂಕಿಯನ್ನು ತಿರುಚಿ, ಗಾಡಿಗೆ ಹೆಚ್ಚು ಜಗ್ಗುವ ಬಲ ಬರಿಸಿಕೊಡುತ್ತೇವೆನ್ನುವವರು ಅಲ್ಲಲ್ಲಿ ಸಿಗುತ್ತಾರೆ. ಮೊದಲ ಕೆಲವು ದಿನ ಗಾಡಿ ಹುರುಪಿನಿಂದ ಓಡುವುದು ನಿಜ. ಆದರೆ ತಪ್ಪು ಲೆಕ್ಕದಿಂದ ಸುರಿದ ಡೀಸೆಲು ಎಂಜಿನ್ನಿನ ಕಾವನ್ನು ಮಿತಿಮೀರಿ ಏರಿಸುತ್ತದೆ. ಇಲ್ಲವೆ ಟರ್ಬೊ ತನ್ನ ಶಕ್ತಿಗೆ ಮೀರಿ ತಿರುಗುತ್ತದೆ. ಕೊನೆಗೆ ಪಿಸ್ಟನ್ ಕರಗುವುದು, ಟರ್ಬೊದ ಅಚ್ಚು ಮುರಿಯುವುದು ಇಂಥ ದುಡುಕಿನ ಫಲ. ಇಷ್ಟಲ್ಲದೆ ಹೊಗೆಯ ನಿಯಮವನ್ನು ಮುರಿದ ತಪ್ಪೂ ಮಾಲಕನ ತಲೆಗೇ ಬರುತ್ತದೆ.

ಮತ್ತೆ ಗ್ಯಾರೇಜಿನ ಮುಂದೆ

ಈಗ ಆ ತೊಗರಿಯ ಗಾಡಿಯ ಬಳಿಗೆ ಮರಳಬಹುದು. ಮಿಸ್ತ್ರಿ ಅನುಭವಸ್ಥ, ಎಂಜಿನ್ನಿನ ಸದ್ದನ್ನು ಕೇಳಿಯೇ ಅರ್ಧ ರೋಗ ಹೇಳಬಲ್ಲವನು. ಇಂಥ ಕೈಗಳೇ ದಶಕಗಳ ಕಾಲ ಈ ಸೀಮೆಯ ಗಾಡಿಗಳನ್ನು ಓಡಿಸಿವೆ. ಆದರೆ ಕಿವಿಗೆ ಕೇಳದ, ಕಣ್ಣಿಗೆ ಕಾಣದ ಒತ್ತಡವನ್ನು ಊಹೆಯಿಂದ ಅಳೆಯಲಾಗದು. ವೈದ್ಯ ಎಷ್ಟೇ ನಿಪುಣನಾಗಿರಲಿ, ಶಸ್ತ್ರಕ್ರಿಯೆಗೆ ಮುನ್ನ ನಾಡಿ ನೋಡುತ್ತಾನೆ, ಜ್ವರ ಅಳೆಯುತ್ತಾನೆ. ಟರ್ಬೊ ಬಿಚ್ಚುವ ಮುನ್ನ ಅಂಥದೇ ಎರಡು ನಿಮಿಷ ಬೇಕು.

“ಬಿಚ್ಚೂಕ್ಕಿಂತ ಮೊದಲ ಒಮ್ಮೆ ಅಳತಿ ನೋಡೂಣ್ರಿ ಕಾಕಾ” ಎಂದು ಚಾಲಕ ಬೇಡಿಕೊಂಡರೆ ಅದರಲ್ಲಿ ಮಿಸ್ತ್ರಿಗೆ ಅವಮಾನವೇನಿಲ್ಲ. ಕೀಲಿ ತಿರುಗುತ್ತದೆ, ಎಂಜಿನ್ನು ಇನ್ನೂ ಮೌನವಾಗಿದೆ. ಸ್ಕ್ಯಾನರಿನ ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಅದು 95 ಆಗಿದ್ದರೆ ಹುಡುಕಾಟ ಕೊಳವೆ, ಕ್ಲಿಪ್ಪುಗಳ ಕಡೆ ತಿರುಗುತ್ತದೆ. 120 ಆಗಿದ್ದರೆ ಟರ್ಬೊದ ಮೇಲಿನ ಆರೋಪವನ್ನು ಸದ್ಯಕ್ಕೆ ಬದಿಗಿಟ್ಟು, ಹೆಬ್ಬೆರಳ ಗಾತ್ರದ ಒಂದು ತುಂಡನ್ನು ಬಿಚ್ಚಿ, ತೊಳೆದು, ಬೇಕಾದರೆ ಬದಲಿಸಿ, ಮತ್ತೆ ಅಳೆಯಬೇಕಾಗುತ್ತದೆ.

ಆ ಸಂಜೆ ಅದೇ ಗಾಡಿ ಅದೇ ದಿಬ್ಬವನ್ನು ಏರುವಾಗ ಹಿಂದಿನ ಕೊಳವೆಯಿಂದ ಕಾಡಿಗೆಯ ಮೋಡ ಏಳದಿದ್ದರೆ, ಆ ತಿಂಗಳ ಕಂತು ತಾರೀಖಿಗೆ ಸರಿಯಾಗಿ ಸಂದಾಯವಾದೀತು. ಬೆನ್ನಿಗೆ ಬರುವ ಬೈಕಿನಲ್ಲಿ ತಾಯಿ ಸೆರಗು ಸರಿಸುತ್ತಾಳೆ. ಮಡಿಲ ಮಗು ಮುಂದೆ ಹೋಗುವ ಗಾಡಿಯ ಚೀಲಗಳನ್ನು ಎಣಿಸತೊಡಗುತ್ತದೆ.